ಮೇಲೆ ಗೋಧಿ

ಚಪಾತಿ ಹರಿಯಲಿಲ್ಲ. ಬಲಗೈ ಬೆರಳುಗಳಲ್ಲಿ ಅಂಚು ಹಿಡಿದು, ಹೆಬ್ಬೆರಳಿನಿಂದ ನಡುವನ್ನು ತಟ್ಟೆಗೆ ಅದುಮಿ ಚಲುವರಾಜು ಎಳೆದ. ಚಪಾತಿಯ ಜೊತೆ ತಟ್ಟೆಯೂ ಎದ್ದು ಬಂತು. ಎಡಗೈ ಬಂದು ಒಂದು ಅಂಚು ಹಿಡಿದಿದ್ದರೆ ಕ್ಷಣದ ಕೆಲಸ. ಆದರೆ ಉಣ್ಣುವ ತಟ್ಟೆಗೆ ಎಡಗೈ ಹಾಕಿದ ದಿನ ತಾಯಿ ಅಂಕಮ್ಮ ಮುದ್ದೆ ಕೋಲಿನಿಂದಲೇ ಮೊಣಕೈಗೆ ಬಾರಿಸಿದ್ದಳು. ಆ ಏಟು ಇಷ್ಟು ವರ್ಷವಾದರೂ ಮೊಣಕೈ ಬಿಟ್ಟು ಹೋಗಿರಲಿಲ್ಲ, ಹೀಗಾಗಿ ಎಡಗೈ ತೊಡೆಯ ಮೇಲೆ ಬಿದ್ದುಕೊಂಡು ಸುಮ್ಮನೆ ನೋಡುತ್ತಿತ್ತು. ಆಫೀಸರುಗಳು ಇದನ್ನು ಹೇಗೆ ತಿನ್ನುತ್ತಾರೆ? ಒಂದೇ ಕೈಯಲ್ಲಿ, ಮಾತಾಡುತ್ತಾ, ನಗುತ್ತಾ, ಹಳೇ ಪೇಪರು ಹರಿದ ಹಾಗೆ ಹರಿಯುತ್ತಾರೆ. ಮೂರು ವರ್ಷದಿಂದ ಎರಡು ಹೊತ್ತು ತಿಂದರೂ ಅವನಿಗೆ ಆ ವಿದ್ಯೆ ಹತ್ತಿರಲಿಲ್ಲ. "ಇದೇನು ಚಪಾತಿಯೋ ಲಾರಿ ಟೈರೋ?" ಎಂದು ಕೂಗಿದ. "ಮೆತ್ತಗೇ ಇದೆ, ನಿಧಾನಕ್ಕೆ ತಿನ್ನಿ" ಎಂದಳು ಜಯದೇವಿ ಒಳಗಿನಿಂದ. "ಹಂಗಾದ್ರೆ ನೀನೂ ಬಂದು ಕೂತ್ಕೋ, ತಿಂದು ನೋಡು." "ನಂದು ಆಮೇಲೆ." ಮೂರು ವರ್ಷದಿಂದ ಅದೇ ಉತ್ತರ, ನಂದು ಆಮೇಲೆ. ಗಂಡ ಉಂಡು ಎದ್ದ ಮೇಲೆಯೇ ಉಣ್ಣುವ ಹೆಂಡತಿ ಈ ಜಯನಗರದಲ್ಲಿ ಎಷ್ಟು ಜನಕ್ಕೆ ಸಿಗುತ್ತಾಳೆ ಎಂದು ನೆನೆದಾಗ ಅವನ ಸಿಟ್ಟು ಅರ್ಧಕ್ಕೆ ಇಳಿಯುತ್ತಿತ್ತು. ಇವತ್ತು ಇಳಿಯಲಿಲ್ಲ. ಇವತ್ತು ಭಾನುವಾರ, ಪಿಳ್ಳಣ್ಣನ ಮಿಲ್ಲಿನಲ್ಲಿ ಗೋಧಿ ದಿನ. ಇವತ್ತು ಕೆಟ್ಟರೆ ಸಂಜೆಗೆ ಮಿಲ್ಲು ಇರುವುದಿಲ್ಲ.

ತಲೆಯ ಮೇಲೆ ಬಲ್ಬು ಉರಿಯುತ್ತಿತ್ತು. ಹಗಲಲ್ಲೂ ಅದನ್ನು ಆರಿಸದೆ ಇಟ್ಟಿದ್ದ, ಕರೆಂಟು ಇದೆಯೋ ಇಲ್ಲವೋ ನೋಡಲು. ಆದರೆ ಅದು ಉರಿದರೂ ಒಂದೇ, ಉರಿಯದಿದ್ದರೂ ಒಂದೇ. ಮಳೆ ಕೈಕೊಟ್ಟ ವರ್ಷ. ಯಡಿಯೂರು ಕೆರೆಯಲ್ಲಿ ಎಮ್ಮೆಗಳು ಮಂಡಿ ಮುಳುಗುವಷ್ಟು ನೀರು ಹುಡುಕಿಕೊಂಡು ನಡುಗೆರೆಯವರೆಗೂ ಹೋಗುತ್ತಿದ್ದವು. ಜನ ತಾವು ಹುಟ್ಟಿದಾಗಿನಿಂದ ಕಣ್ಣಲ್ಲಿ ನೋಡದ ಕರೆಂಟು ಕೊಡುವ ಲಿಂಗನಮಕ್ಕಿ ಅಣೆಕಟ್ಟಿನ ನೀರಿನ ಮಟ್ಟವನ್ನು ಮಗುವಿನ ಜ್ವರ ನೋಡಿದ ಹಾಗೆ ದಿನಾ ಪೇಪರಿನಲ್ಲಿ ನೋಡುತ್ತಿದ್ದರು. ಮನೆಗಳಿಗೆ ಸಿಂಗಲ್ ಫೇಸು ಹೇಗೋ ಬಂದು ಹೋಗಿ ಮಾಡುತ್ತಿತ್ತು. ಮಿಲ್ಲಿನ ಮೋಟಾರು ತಿರುಗಲು ಬೇಕಾದ ತ್ರೀ ಫೇಸು ಮಾತ್ರ ಮನಸ್ಸು ಬಂದಾಗ ಬಂದು ಹೇಳದೆ ಹೊರಟುಬಿಡುತ್ತಿತ್ತು. ಹೆಂಗಸರು ಮನೆಯ ಬಲ್ಬು ನೋಡಿ ಡಬ್ಬ ಎತ್ತಿಕೊಂಡು ಹೋದರೆ ಅಲ್ಲಿ ಪಿಳ್ಳಣ್ಣ ನಿಂತ ಮೋಟಾರಿನ ಪಕ್ಕ ಕೈ ಕಟ್ಟಿ ಕೂತಿರುತ್ತಿದ್ದ. ಒಂದು ಸಲ ಹಾಗೆ ವಾಪಸು ಬಂದವರು ಗೊಣಗಿದರು. ಇನ್ನೊಂದು ಸಲ ಬಂದವರು ಬನಶಂಕರಿಯ ಜನರೇಟರು ಮಿಲ್ಲಿನ ದಾರಿ ಹಿಡಿದರು. ಚಲುವರಾಜು ಕರೆಂಟ್ ಆಫೀಸಿನಲ್ಲಿ ಬಿಲ್ಲು ಗುಮಾಸ್ತ. ತನಗೂ ಕರೆಂಟಿಗೂ ಇರುವುದು ಬರೀ ಕಾಗದದ ನೆಂಟಸ್ತಿಕೆ ಎಂದು ಬೀದಿಗೆಲ್ಲ ಹೇಳಿ ಅವನಿಗೆ ಸಾಕಾಗಿತ್ತು. ಯಾರೂ ನಂಬುತ್ತಿರಲಿಲ್ಲ. ತರಕಾರಿಯವಳು ಕೂಡ ಕೊತ್ತಂಬರಿ ಕೊಡುತ್ತಾ, "ಒಂದು ಗುಂಡಿ ಅದುಮಿದ್ರೆ ಆಯ್ತದೆ, ಅದುಮಕ್ಕೆ ಏನು ಸ್ವಾಮಿ ನಿಮ್ಗೆ" ಎಂದು ಕೇಳುತ್ತಿದ್ದಳು.

ಅದನ್ನಾದರೂ ಸಹಿಸಬಹುದಿತ್ತು. ಸಹಿಸಲಾಗದ್ದು ಪಿಳ್ಳಣ್ಣನ ಲೋಟ. ಇಬ್ಬರೂ ಉತ್ತರಹಳ್ಳಿಯ ಆಚೆ ಒಂದೇ ಊರಿನವರು. ಪಿಳ್ಳಣ್ಣ ದೊಡ್ಡಪ್ಪನ ಮಗ, ವರಸೆಯಲ್ಲಿ ಅಣ್ಣ. ಊರಿನಿಂದ ಬರುವಾಗ ಅವನು ಎತ್ತಿನ ಗಾಡಿಯ ಮೇಲೆ ಒಂದು ಆಯಿಲ್ ಇಂಜಿನ್ನು ಹೇರಿಕೊಂಡು ಬಂದು ಯಡಿಯೂರಿನಲ್ಲಿ ಮಿಲ್ಲು ಹಾಕಿದ್ದ. ಇಂಜಿನ್ನಿನ ಹೊಗೆ ಕೊಳವೆಯ ಬಾಯಿಗೆ ಹಿತ್ತಾಳೆ ಲೋಟ ಕಟ್ಟಿದ್ದ. ಇಂಜಿನ್ನು ಓಡುವಷ್ಟು ಹೊತ್ತೂ ಅದು ಕೂ ಕೂ ಎಂದು ಕೂಗಿ, ಮಿಲ್ಲು ನಡೆಯುತ್ತಿದೆ ಡಬ್ಬ ತನ್ನಿ ಎಂದು ಕೆರೆಯ ಆಚೆಯವರೆಗೂ ಕರೆಯುತ್ತಿತ್ತು. ಆ ಇಂಜಿನ್ನನ್ನು ಮಾರಿಸಿದವನು ಚಲುವರಾಜು. "ಕಾಲಕ್ಕೆ ತಕ್ಕಂಗೆ ಬದಲಾಗ್ಬೇಕು ಕಣಣ್ಣ, ಹೊಗೆ ಇಲ್ಲ, ಗದ್ದಲ ಇಲ್ಲ, ಒಂದು ಸ್ವಿಚ್ಚು" ಎಂದು ಕೂಗಾಡಿ, ತಾನೇ ಓಡಾಡಿ ಮೋಟಾರು ಹಾಕಿಸಿದ್ದ. ಇಂಜಿನ್ನು ಕಗ್ಗಲೀಪುರದ ಕಡೆ ಯಾರದೋ ತೋಟಕ್ಕೆ ಹೋಯಿತು. ಲೋಟ ಮಾತ್ರ ಉಳಿಯಿತು. ಪಿಳ್ಳಣ್ಣನ ಹೆಂಡತಿ ಕೆಂಪಕ್ಕ ಅದನ್ನು ಹುಣಸೆಹಣ್ಣು ಹಾಕಿ ತಿಕ್ಕಿ ತಿಕ್ಕಿ, ತಳದ ಮಸಿ ಹೋಗದಿದ್ದರೂ, ಅಡುಗೆ ಮನೆಗೆ ಸೇರಿಸಿಕೊಂಡಳು. ಚಲುವರಾಜು ಹೋದಾಗಲೆಲ್ಲ ಕಾಫಿ ಅದರಲ್ಲೇ ಬರುತ್ತಿತ್ತು. ಬೇಕೆಂದೇ ಕೊಡುತ್ತಾರೋ, ಕೈಗೆ ಸಿಕ್ಕಿದ್ದು ಅದೇ ಎಂದು ಕೊಡುತ್ತಾರೋ ಅವನಿಗೆ ತಿಳಿಯುತ್ತಿರಲಿಲ್ಲ. ಗುಟುಕು ಗುಟುಕಿಗೂ ಲೋಟ ಕೂ ಎನ್ನುತ್ತಿತ್ತು.

ಇಂಜಿನ್ನು ಮಾರಿಸಿದ್ದು ಹೊಗೆಗಾಗಿ ಅಲ್ಲ, ಗದ್ದಲಕ್ಕಾಗಿ ಅಲ್ಲ, ಅದು ಅವನಿಗೂ ಗೊತ್ತು. ಮೂರು ವರ್ಷದ ಹಿಂದೆ ಒಂದು ಸಂಜೆ ತನ್ನ ಸೂಪರಿಂಟೆಂಡೆಂಟು ಸೇತುರಾಮ ಅವರನ್ನು ಊಟಕ್ಕೆ ಕರೆದಿದ್ದ. ಹೊರಗೆ ನೀರನ್ನೂ ಕುಡಿಯದವರು ಎಂದು ಆಫೀಸಿನಲ್ಲಿ ಹೆಸರಾಗಿದ್ದ ಮನುಷ್ಯ ಅದು ಹೇಗೋ ಒಪ್ಪಿ ಬಂದಿದ್ದರು. ಅವರಿಗಾಗಿ ಚಪಾತಿ, ಸಾಗು; ತಮಗಾಗಿ ಮಾಡಿದ್ದ ಮುದ್ದೆಯ ಮಡಕೆ ಒಲೆಯ ಹಿಂದೆ ಗೋಣಿಚೀಲದ ಅಡಿ. ಸೇತುರಾಮ ಅವರು ಚಪಾತಿಯನ್ನು ಒಂದೇ ಕೈಯಲ್ಲಿ ಸೊಗಸಾಗಿ ಹರಿದು, ಬಾಯಿಗಿಡುವ ಮೊದಲು ಮೂಗನ್ನು ಮೇಲೆತ್ತಿ ಗಾಳಿಯನ್ನು ಎಳೆದುಕೊಂಡರು. ಎದುರು ಬೀದಿಯಲ್ಲಿ ಇಂಜಿನ್ನು ಕೂ ಕೂ ಎಂದಿತು. "ಹಳ್ಳಿಗೆ ಬಂದಂಗಾಯ್ತು ಕಣ್ರೀ ಚಲುವರಾಜು" ಎಂದರು. ಅಷ್ಟೇ. ಆ ಮಾತು ಅವನ ಕಿವಿಯೊಳಗೆ ಇಳಿದು, ಅಲ್ಲಿಂದ ಹೊಟ್ಟೆಗೆ ಇಳಿದು, ಉರಿಯಿತು. ಮರುದಿನ ಮನೆಯಲ್ಲಿ ಮುದ್ದೆ ಬಂದ್. ತಿಂಗಳು ತುಂಬುವುದರೊಳಗೆ ಇಂಜಿನ್ನೂ ಬಂದ್. ಹಾಗೆಂದು ಯಾರಿಗಾದರೂ ಹೇಳಲಾಗುತ್ತದೆಯೇ?

ಆದ್ದರಿಂದ ಮಿಲ್ಲನ್ನು ಉಳಿಸುವುದು ಅವನ ಮೈಮೇಲೆ ಬಿದ್ದಿತ್ತು. ಯಾರೂ ಹೊರಿಸಿರಲಿಲ್ಲ, ಲೋಟ ಹೊರಿಸಿತ್ತು. ಕುಳಿತು ಯೋಚಿಸಿದ. ಇರುವುದೊಂದೇ ಕಲ್ಲು. ರಾಗಿ ಬೀಸಿದ ಮೇಲೆ ಗೋಧಿ ಹಾಕಬೇಕಾದರೆ ನಡುವೆ ತೌಡು ಹಾಕಿ ಓಡಿಸಿ ಕಲ್ಲು ಶುದ್ಧ ಮಾಡಬೇಕು, ಅಷ್ಟು ಮಾಡಿದರೂ ಮುಂದಿನವಳ ಹಿಟ್ಟು ಕೆಂಪಾಗಿ ಜಗಳ. ಬರುವ ಗಳಿಗೆಯಷ್ಟು ತ್ರೀ ಫೇಸಿನಲ್ಲಿ ಅರ್ಧ ಈ ತೊಳೆತಕ್ಕೆ, ಇನ್ನರ್ಧ ಆ ಜಗಳಕ್ಕೆ. ದಿನ ಹಂಚಿಬಿಟ್ಟರೆ? ಬುಧವಾರ ರಾಗಿ, ಶುಕ್ರವಾರ ಅಕ್ಕಿ, ಭಾನುವಾರ ಗೋಧಿ. ಯೋಚನೆ ಹೊಳೆದಾಗ ಅವನಿಗೆ ಮೈ ಜುಮ್ಮೆಂದಿತು. ನೀಲಿ ಬಣ್ಣ ತಂದು, ಹಲಗೆಯ ಮೇಲೆ ದಪ್ಪ ಅಕ್ಷರದಲ್ಲಿ ಬರೆದು, ಕೊನೆಗೆ 'ತಪ್ಪಿದಲ್ಲಿ ಬೀಸಿಕೊಡಲಾಗುವುದಿಲ್ಲ' ಎಂದೂ ಸೇರಿಸಿ ಮಿಲ್ಲಿನ ಮುಂದೆ ತೂಗುಹಾಕಿದ. ಉಳಿದ ಬಣ್ಣದಲ್ಲಿ ತನ್ನ ಮನೆಯ ಡಬ್ಬಗಳ ತಳಕ್ಕೆಲ್ಲ ಹೆಸರು ಬರೆದ.

ಬುಧವಾರ ಆಫೀಸಿಗೆ ತಡವಾದರೂ ಆಗಲಿ ಎಂದು ಮಿಲ್ಲಿನ ಬಾಗಿಲಲ್ಲಿ ನಿಂತಿದ್ದ. ಮೋಟಾರಿನ ಮೇಲಿನ ಹಲಗೆಯಲ್ಲಿ ಮೂರು ಕೆಂಪು ದೀಪಗಳು, ಒಂದೊಂದು ಫೇಸಿಗೆ ಒಂದು, ಮೂರೂ ಹತ್ತಿಕೊಂಡವು. ಬಂದದ್ದು ಎರಡೇ ಡಬ್ಬ. ಒಂದು ಕೆರೆಯಂಚಿನ ದನದ ಕೊಟ್ಟಿಗೆಯದು, ಇನ್ನೊಂದು ಕೆಂಪಕ್ಕನದೇ. ಮೂಟೆಗಟ್ಟಲೆ ರಾಗಿ ಬೀಸುತ್ತಿದ್ದ ಮಿಲ್ಲು! ಈ ಬಡಾವಣೆಯ ರಾಗಿಯೆಲ್ಲ ಎಲ್ಲಿ ಹೋಯಿತು? ಬೀದಿಯಲ್ಲಿ ಹೋಗುವವರೆಲ್ಲ ಬೋರ್ಡಿನ ಕಡೆ ನೋಡಿ, ತಲೆ ತಗ್ಗಿಸಿ, ಹೆಂಡದಂಗಡಿಯ ಮುಂದೆ ಹಾಯುವ ಹಾಗೆ ಬಿರಬಿರನೆ ಹಾದುಹೋದರು. ಮೂರು ದೀಪಗಳು ಖಾಲಿ ಕಲ್ಲನ್ನು ನೋಡುತ್ತಾ ಉರಿದು, ಆರಿದವು. ಆ ಸಂಜೆಯೇ ಪಿಳ್ಳಣ್ಣ ಹೇಳಿದ್ದು: ಸೌತ್ ಎಂಡ್ ಕಡೆಯ ಯಾರೋ ಮಿಲ್ಲಿನ ಜಾಗ ಕೇಳುತ್ತಿದ್ದಾನೆ, ವಿಡಿಯೋ ಕ್ಯಾಸೆಟ್ಟಿನ ಅಂಗಡಿಗೆ. ಭಾನುವಾರ ಸಂಜೆ ಉತ್ತರ ಕೇಳಲು ಬರುತ್ತಾನೆ.

"ಡಬ್ಬ ಕೊಡು, ಗೋಧಿ ತಗೊಂಡು ಹೋಗ್ತೀನಿ" ಎಂದ ಚಲುವರಾಜು ಚಪಾತಿ ಮುಗಿಸಿ ಕೈ ತೊಳೆದು. ಜಯದೇವಿ ಬಾಗಿಲಿಗೆ ಅಡ್ಡ ನಿಂತಳು. "ನೀವು ಹೋಗಿ. ನಾನು ಹಿಂದೆ ತರ್ತೀನಿ." "ಭಾರ ಆಗಲ್ವೇನೇ?" "ನಂಗೇನು ಹೊಸ್ದಾ? ನೀವು ಡಬ್ಬ ಹೊತ್ಕೊಂಡು ಹೋದ್ರೆ ನೋಡಿದೋರು ಏನಂತಾರೆ, ಆಫೀಸ್ನೋರು." ಆಫೀಸಿನವರು ಎಂದ ಕೂಡಲೇ ಅವನು ಡಬ್ಬದ ಮಾತು ಬಿಟ್ಟ. ಇವಳಿಗೆ ಎಷ್ಟು ಗೊತ್ತಾಗುತ್ತದೆ ಎಂದು ಒಳಗೊಳಗೇ ಮೆಚ್ಚಿದ.

ಮಿಲ್ಲಿನ ಮುಂದೆ ಡಬ್ಬಗಳ ಸಾಲು ರಸ್ತೆಯವರೆಗೂ ಬಂದಿತ್ತು. ನೋಡಿ ಅವನ ಎದೆ ಹಿಗ್ಗಿತು. ಬಿಸ್ಕತ್ತಿನ ಡಬ್ಬ, ಡಾಲ್ಡಾ ಡಬ್ಬ, ಮುಚ್ಚಳವಿಲ್ಲದ್ದಕ್ಕೆ ಟವಲು, ಟವಲಿಲ್ಲದ್ದಕ್ಕೆ ಪೇಪರು. ಪ್ರತಿ ಡಬ್ಬದ ಬಾಯಲ್ಲೂ ಬಂಗಾರದ ಬಣ್ಣದ ಗೋಧಿ. ಮೂರು ದೀಪದಲ್ಲಿ ಎರಡು ಹತ್ತಿದ್ದವು. ಸಾಲಿನಲ್ಲಿದ್ದವರೆಲ್ಲ ಮೂರನೆಯದನ್ನು ದೇವರ ಮುಂದೆ ನಿಂತ ಹಾಗೆ ದಿಟ್ಟಿಸುತ್ತಿದ್ದರು. ಪಿಳ್ಳಣ್ಣ ಬೆಲ್ಟು ಸವರುತ್ತಾ ಕೂತಿದ್ದ. ಕೆಂಪಕ್ಕ ಸೆರಗು ಬಿಗಿದು ಕಲ್ಲಿನ ಪಕ್ಕ ನಿಂತಿದ್ದಳು. ಡಬ್ಬ ತೆಗೆದುಕೊಂಡು ಸುರಿಯುವ ಕೆಲಸ ಯಾವಾಗಲೂ ಅವಳದು.

"ಬಂದ್ರಪ್ಪ ಕರೆಂಟು ಸಾಯೇಬ್ರು" ಎಂದಳು. "ಇನ್ನೊಂದು ದೀಪ ಮನೇಲೇ ಮರ್ತು ಬಂದ್ಯೇನೋ?"

"ಬರುತ್ತೆ ಇರು ಅತ್ತಿಗೆ. ನೋಡ್ದ್ಯಾ ಸಾಲು? ಬೋರ್ಡು ಅಂದ್ರೆ ಹಿಂಗೆ."

"ನೋಡ್ದೆ ನೋಡ್ದೆ. ಬುಧವಾರದ ಸಾಲೂ ನೋಡ್ದೆ."

"ಅದು ಬೇರೆ. ಈ ಕಡೆ ಜನ ರಾಗಿ ಬಿಟ್ಟವ್ರೆ. ಎಲ್ಲಾ ಮುಂದುವರ್ದವ್ರೆ."

ಕೆಂಪಕ್ಕ ಸೆರಗನ್ನು ಬಾಯಿಗೆ ಅಡ್ಡ ಹಿಡಿದಳು. ಸಾಲಿನಲ್ಲಿದ್ದ ಹೆಂಗಸರು ಯಾಕೋ ಎಲ್ಲರೂ ಒಟ್ಟಿಗೆ ತಮ್ಮ ತಮ್ಮ ಕಾಲುಂಗುರ ನೋಡಿಕೊಂಡರು. ಸಾಲಿನ ಕೊನೆಯಲ್ಲಿ ಒಬ್ಬ ಗಂಡಸು ಸ್ಕೂಟರು ನಿಲ್ಲಿಸಿ, ಟವಲು ಸುತ್ತಿದ ಡಬ್ಬವನ್ನು ಇಳಿಸುತ್ತಿದ್ದ. ಸೇತುರಾಮ ಅವರು! ಚಲುವರಾಜುವಿನ ಕಾಲುಗಳು ತಾವಾಗಿಯೇ ಜೋಡಿಸಿಕೊಂಡು ನಿಂತವು. "ಸಾರ್, ನೀವು ಇಲ್ಲಿ..." "ನಮ್ಮನೆಯವಳಿಗೆ ಮಂಡಿ ನೋವು ಕಣ್ರೀ. ಕೆಲಸದೋಳು ಬಂದಿಲ್ಲ" ಎಂದರು ಅವರು, ಕೇಳದಿದ್ದುದಕ್ಕೂ ಉತ್ತರ ಕೊಡುವ ಅವಸರದಲ್ಲಿ. "ಮುಂದಕ್ಕೆ ಬನ್ನಿ ಸಾರ್." "ಬೇಡ ಬೇಡ, ನಂದು ಕೊನೇಗೇ ಆಗ್ಲಿ." ಎಂಥ ದೊಡ್ಡ ಮನುಷ್ಯ, ಸಾಲು ತಪ್ಪಿಸುವುದಿಲ್ಲ ಎಂದುಕೊಂಡ ಚಲುವರಾಜು. ಇವರ ಮುಂದೆ ಇವತ್ತು ಎಲ್ಲವೂ ಗಡಿಯಾರದ ಹಾಗೆ ನಡೆಯಬೇಕು.

ಮೂರನೆಯ ದೀಪ ಹತ್ತಿತು. ಸಾಲೇ ಉಸಿರು ಬಿಟ್ಟಿತು. ಪಿಳ್ಳಣ್ಣ ಸ್ವಿಚ್ಚು ಎಳೆದ, ಬೆಲ್ಟು ಚಟಚಟ ಎಂದಿತು, ತಗಡಿನ ಗೋಡೆಯೆಲ್ಲ ನಡುಗತೊಡಗಿತು. ಕೆಂಪಕ್ಕ ಮೊದಲ ಡಬ್ಬ ತೆಗೆದುಕೊಂಡು, ಮುಚ್ಚಳ ತೆಗೆದು, ಒಳಗೆ ಇಣುಕಿ, ಬೆರಳಾಡಿಸಿ, ಬಟ್ಟಲು ಬಟ್ಟಲಾಗಿ ಎತ್ತಿ ಹಾಕತೊಡಗಿದಳು. ಅರ್ಧ ಡಬ್ಬಕ್ಕೆ ನಿಲ್ಲಿಸಿ ಅದನ್ನು ಪಕ್ಕಕ್ಕಿಟ್ಟು ಮುಂದಿನದನ್ನು ಎತ್ತಿಕೊಂಡಳು. ಇದೇನು ಮಗುವಿಗೆ ಗಂಜಿ ಕುಡಿಸಿದ ಹಾಗೆ? ಕರೆಂಟು ಯಾವ ಗಳಿಗೆಯಲ್ಲಾದರೂ ಹೋದೀತು. ಚಲುವರಾಜುವಿಗೆ ಮೈಯೆಲ್ಲ ಕಡಿದ ಹಾಗಾಯಿತು. "ಬಿಡು ಅತ್ತಿಗೆ, ಹಿಂಗೆ ಮಾಡಿದ್ರೆ ದೀಪಾವಳಿವರ್ಗೂ ಆಗಲ್ಲ!" ಎಂದು ಅವಳನ್ನು ಸರಿಸಿ ತಾನೇ ಮೆಟ್ಟಿಲು ಹತ್ತಿದ. ಅವಳು ಏನೋ ಕೂಗಿದಳು. ಮಿಲ್ಲಿನ ಗದ್ದಲದಲ್ಲಿ ಬಾಯಿ ಮಾತ್ರ ಆಡಿತು. ಎರಡೂ ಕೈ ಬೀಸಿದಳು; ಹಿಟ್ಟಿನ ಧೂಳು ಓಡಿಸಿಕೊಳ್ಳುತ್ತಿದ್ದಾಳೆ ಎಂದುಕೊಂಡ. ಕೈಗೆ ಸಿಕ್ಕ ಡಬ್ಬವನ್ನು ಎತ್ತಿ ಕಲ್ಲಿನ ಮೇಲಿನ ತಗಡಿನ ಬಾಯಿಗೆ ಒಂದೇ ಸಲ ಮಗುಚಿದ. ಮುಖ ಸಾಲಿನ ಕಡೆಗಿತ್ತು. ಸೇತುರಾಮ ಅವರಿಗೂ ಕೇಳಲೆಂದು ಗಂಟಲು ಏರಿಸಿ, "ನೋಡಿ, ಶಿಸ್ತು ಅಂದ್ರೆ ಇದು! ಒಂದು ದಿನ, ಒಂದು ಕಾಳು!" ಎಂದು ಹೇಳುತ್ತಾ ಎರಡನೆಯ ಡಬ್ಬ ಮಗುಚಿದ, ಮೂರನೆಯದೂ ಮಗುಚಿದ. ಜೀವನದಲ್ಲಿ ಮೊದಲ ಸಲ ಇಷ್ಟು ಜನ ತಾನು ಮಾತಾಡುವಾಗ ಬಾಯಿ ಬಿಟ್ಟುಕೊಂಡು ನೋಡುತ್ತಿದ್ದಾರೆ ಎಂದು ಅವನಿಗೆ ಅನ್ನಿಸಿತು.

ಅವರು ನೋಡುತ್ತಿದ್ದುದು ಕಲ್ಲಿನ ಕೆಳಗಿನ ಬಟ್ಟೆಯ ತೋಳನ್ನು. ಅದರಿಂದ ಬೆಳ್ಳಗೆ ಇಳಿಯುತ್ತಿದ್ದ ಹಿಟ್ಟು ಬೂದಿಯಾಯಿತು, ಬೂದಿ ಕಂದಾಯಿತು, ನೋಡನೋಡುತ್ತ ಮಳೆ ನೀರಿಗೆ ಕೆಮ್ಮಣ್ಣು ಸೇರಿದ ಹಾಗೆ ಕೆಂಪಗಾಯಿತು. ಬೆಲ್ಟು ಕಿರೋ ಎಂದು ಅರಚಿತು. ಪಿಳ್ಳಣ್ಣ ಹಾರಿ ಸ್ವಿಚ್ಚು ಆರಿಸಿ, ತಗಡಿನ ಬಾಯೊಳಗೆ ಭುಜದವರೆಗೂ ಕೈ ಹಾಕಿ, ಏನನ್ನೋ ಎಳೆದ. ಒಂದು ಬಟ್ಟೆ ತುಂಡು ಬಂತು. ಪಟ್ಟೆ ಪಟ್ಟೆ ಶರಟಿನದು.

ಗದ್ದಲ ನಿಂತ ಮೇಲಿನ ನಿಶ್ಶಬ್ದದಲ್ಲಿ ಚಲುವರಾಜು ಕೂಗಿದ್ದು ಇಡೀ ಬೀದಿಗೆ ಕೇಳಿಸಿತು. "ಯಾರ್ರೀ ಅದು? ಯಾರದು ಈ ಡಬ್ಬ? ಮೇಲೆ ಗೋಧಿ ಹಾಕಿ, ನಡುವೆ ಬಟ್ಟೆ ಹಾಸಿ, ಕೆಳಗೆ ರಾಗಿ ತುಂಬ್ಕೊಂಡು ಬಂದೋರು? ನಾಚಿಕೆ ಆಗಲ್ವಾ? ರಾಗಿ ತಿನ್ನೋರು ರಾಗಿ ತಿಂತೀನಿ ಅಂತ ಹೇಳ್ಬೇಕು! ಬುಧವಾರ ಬರ್ಬೇಕು! ಯಾರ್ದು?" ಮೊದಲು ಮಗುಚಿದ ಡಬ್ಬವನ್ನು ಎತ್ತಿ ಹಿಡಿದು ತಳ ತಿರುಗಿಸಿದ. ನೀಲಿ ಬಣ್ಣ. ದಪ್ಪ ಅಕ್ಷರ. ಚ-ಗೆ ಅವನೇ ಹಾಕುವ ಆ ಸುರುಳಿ.

ಅವನು ಅದನ್ನು ಓದಿದ, ಬೇರೆ ಯಾರದೋ ಹೆಸರಾದೀತೇನೋ ಎಂದು ಇನ್ನೊಮ್ಮೆ ಓದಿದ. ಅವನದೇ ಪಟ್ಟೆ ಶರಟು ಎರಡು ದೀಪಾವಳಿಯ ಹಿಂದೆ ಕಂಕುಳಲ್ಲಿ ಹರಿದಿತ್ತು. ಅವನ ಹಿಂದೆಯೇ ಬಂದು ಡಬ್ಬವನ್ನು ಕೆಂಪಕ್ಕನ ಪಕ್ಕ ಇಟ್ಟಿದ್ದ ಜಯದೇವಿ ಸಾಲಿನ ನಡುವೆ, ಸೆರಗನ್ನು ಹಣೆಯವರೆಗೂ ಎಳೆದುಕೊಂಡು, ನೆಲವನ್ನು ನೋಡುತ್ತಿದ್ದಳು. ನಂದು ಆಮೇಲೆ. ಮೂರು ವರ್ಷದ ಆಮೇಲೆಗಳೆಲ್ಲ ಒಟ್ಟಿಗೆ ಬಂದು ಅವನ ಮುಂದೆ ಸಾಲಾಗಿ ನಿಂತವು. ಅವನು ಆಫೀಸಿಗೆ ಹೊರಟ ಮೇಲೆ, ಬೀದಿಯ ತಿರುವಿನಲ್ಲಿ ಅವನ ಬೆನ್ನು ಮರೆಯಾದ ಮೇಲೆ, ಒಲೆಯ ಹಿಂದಿನ ಮಡಕೆ ಮುಂದಕ್ಕೆ ಬರುತ್ತಿತ್ತು. ಇವಳು ಕಾಲು ಚಾಚಿ ಕೂತು ಬಿಸಿ ಮುದ್ದೆ ಉಣ್ಣುತ್ತಿದ್ದಳು, ಅವನು ಅದೇ ಹೊತ್ತಿನಲ್ಲಿ ಬಿಲ್ಲುಗಳ ನಡುವೆ ಡಬ್ಬಿ ಬಿಚ್ಚಿ ತಣ್ಣಗಿನ ಟೈರಿನೊಡನೆ ಹೆಣಗುತ್ತಿದ್ದ. ಸಿಟ್ಟು ಬರಬೇಕಿತ್ತು. ಬರಲೆಂದು ಕಾದ. ಬಂದದ್ದು ಹೊಟ್ಟೆಕಿಚ್ಚು.

"ನಮ್ ಗೋಧಿ ಹೋಯ್ತಲ್ರೀ!" ಎಂದು ಎರಡನೆಯ ಡಬ್ಬದ ಒಡತಿ ಮೀನಾಕ್ಷಮ್ಮ ಬೊಬ್ಬೆ ಹಾಕಿದಳು. "ಸಂಜೆ ಬೀಗರು ಬರ್ತಾರೆ, ಪೂರಿ ಮಾಡ್ತೀನಿ ಅಂದಿದೀನಿ! ಪಿಳ್ಳಣ್ಣ, ನಿಮ್ ಮಿಲ್ಲಿಗೆ ಇದೇ ಕೊನೆ ನಾನು ಬರೋದು!" ಹಿಂದಿನಿಂದ ಇನ್ನಿಬ್ಬರು ತಮ್ಮ ಡಬ್ಬ ಎತ್ತಿಕೊಂಡರು. ಪಿಳ್ಳಣ್ಣ ಬಟ್ಟೆ ತುಂಡನ್ನು ಹಿಡಿದುಕೊಂಡೇ, ಬಯ್ಯದೆ, ಗದರದೆ, ಬೆರಕೆ ಹಿಟ್ಟಿನ ಗುಡ್ಡೆಯ ಪಕ್ಕ ಕುಕ್ಕರುಗಾಲಲ್ಲಿ ಕೂತುಬಿಟ್ಟ. "ಹೋಗ್ಲಿ ಬುಡು ಚಲುವ" ಎಂದ. "ವಿಡಿಯೋದೋನು ಸಂಜೆಗೆ ಬತ್ತೀನಿ ಅಂದವ್ನೆ. ಕೊಟ್ಟುಬುಡ್ತೀನಿ." ಅವನು ಬೈದಿದ್ದರೆ ಚಲುವರಾಜು ತಿರುಗಿ ಬೈಯಬಹುದಿತ್ತು. ಖಾಲಿ ಡಬ್ಬ ಕೈಯಲ್ಲಿ ಹಿಡಿದುಕೊಂಡು, ಎತ್ತರದ ಮೆಟ್ಟಿಲ ಮೇಲೆ ಎಲ್ಲರಿಗೂ ಕಾಣುವ ಹಾಗೆ ನಿಂತವನಿಗೆ ಇಳಿಯುವುದು ಹೇಗೆಂದೇ ಮರೆತುಹೋಗಿತ್ತು.

ಆಗ ಸಾಲಿನ ಕೊನೆಯಿಂದ ಒಂದು ಕೆಮ್ಮು ಬಂತು. "ಚಲುವರಾಜು" ಎಂದರು ಸೇತುರಾಮ ಅವರು, ಫೈಲು ಕೇಳುವ ದನಿಯಲ್ಲಿ. "ನಂದನ್ನ ಮಾತ್ರ ಹಂಗೆ ಮಗುಚ್ಬೇಡಿ. ಕೆಳಗೆ ಬೇರೆ ಇದೆ."

"ಬೇರೆ ಅಂದ್ರೆ ಸಾರ್?"

"ಬೇರೆ ಅಂದ್ರೆ ಬೇರೆ ಕಣ್ರೀ." ಟವಲಿನಲ್ಲಿ ಮುಖ ಒರೆಸಿಕೊಂಡರು. "ಡಾಕ್ಟ್ರು ಹೇಳಿದಾರೆ. ಸಕ್ಕರೆ ಕಾಯಿಲೆಗೆ."

"ಡಾಕ್ಟ್ರು ಎಲ್ಲಾರ್ಗೂವೆ ಹೇಳವ್ರೆ ಬುಡಿ ಸಾಮಿ" ಎಂದಳು ಕೆಂಪಕ್ಕ. ಅರ್ಧ ಖಾಲಿಯಾಗಿ ಪಕ್ಕಕ್ಕಿಟ್ಟಿದ್ದ ಮೊದಲ ಡಬ್ಬದಿಂದ ಸೀರೆ ತುಂಡು ಎತ್ತಿ ತೋರಿಸಿದಳು. ಕೆಳಗೆ ರಾಗಿ ಹೊಳೆಯಿತು. "ಈ ಸಾಲ್ನಲ್ಲಿ ಅರ್ಧ ಡಬ್ಬ ಹಿಂಗೇಯ. ಗೋಧಿ ಎಲ್ಲಾ ಆದ್ಮೇಲೆ ರಾಗಿ ಬೀಸ್ಕೊಡ್ತೀನಿ. ಮೊದ್ಲು ಕಾಳೆಲ್ಲ ಕಲೆತು ಬತ್ತಿತ್ತು, ಯಾರ್ದು ಯಾವ್ದು ಅಂತ ಯಾರ್ ಕೇಳ್ತಿದ್ರು? ಈವಯ್ಯ ಬೋರ್ಡ್ ಹಾಕುಸ್ದ. ಮುದ್ದೆ ತಿನ್ನೋರೆಲ್ಲ ಬುಧವಾರ ಬೀದೀಲಿ ಬಂದು ನಿಂತ್ಕಳಿ ಅಂತ. ಯಾರ್ ಬಂದಾರು?"

ಯಾರೋ ಒಬ್ಬಳು ಕಿಸಕ್ಕೆಂದಳು. ಆಮೇಲೆ ಸಾಲಿಗೆ ಸಾಲೇ ನಕ್ಕಿತು. ಮೀನಾಕ್ಷಮ್ಮ ನಗಲಿಲ್ಲ; "ನಮ್ದು ತಳದವರೆಗೂ ಗೋಧಿನೇ" ಎಂದಳು, ಅದನ್ನು ಹೇಳಿದ ಮೇಲೆ ಒಬ್ಬಳೇ ಆಗಿಬಿಟ್ಟವಳ ಹಾಗೆ ಸುತ್ತ ನೋಡಿದಳು. ಅಷ್ಟರಲ್ಲಿ ಮೂರನೆಯ ದೀಪ ಆರಿತು.

ಕರೆಂಟು ಹೋದರೆ ಜನ ಹೋಗಬೇಕಿತ್ತು, ಅವತ್ತು ಹೋಗಲಿಲ್ಲ. ಕೆಂಪಕ್ಕ ಮಿಲ್ಲಿನ ಹಿಂದೆ ಮೂರು ಕಲ್ಲಿನ ಒಲೆಗೆ ಸೌದೆ ತುರುಕಿ, ಆ ಯಾರದೂ ಅಲ್ಲದ ಬೆರಕೆ ಹಿಟ್ಟಿಗೆ ಉಪ್ಪು, ಈರುಳ್ಳಿ, ಹ ಹಾ ಎನ್ನಿಸುವಷ್ಟು ಹಸಿಮೆಣಸಿನಕಾಯಿ ಹಾಕಿ ರೊಟ್ಟಿ ತಟ್ಟಿದಳು. "ಎಸೀಯಕ್ಕೆ ಮನಸ್ ಬರ್ಲಿಲ್ಲ, ತಿಂದೇ ಹೋಗಿ" ಎಂದಳು. ಜಯದೇವಿ, ಗಂಡನ ಕಡೆ ನೋಡದೆ, ಅವಳ ಪಕ್ಕ ಕೂತು ಈರುಳ್ಳಿ ಹೆಚ್ಚಿದಳು. ಸೇತುರಾಮ ಅವರು ರಾಗಿ ಮೂಟೆಯ ಮೇಲೆ ಕೂತು ರೊಟ್ಟಿಯನ್ನು ಒಂದೇ ಕೈಯಲ್ಲಿ ಮುರಿದು ಬಾಯಿಗಿಟ್ಟುಕೊಂಡು, ಕಣ್ಣು ಮುಚ್ಚಿದರು. ಹಿತ್ತಾಳೆ ಲೋಟದಲ್ಲಿ ಕಾಫಿ ಬಂತು. "ಇಲ್ಲೊಂದು ಇಂಜಿನ್ ಇತ್ತಲ್ರೀ" ಎಂದರು. "ಕೂ ಕೂ ಅಂತ ಕೂಗ್ತಿತ್ತು. ನಿಮ್ಮನೆಗೆ ಊಟಕ್ಕೆ ಬಂದಾಗ ಕೇಳಿ ಎಷ್ಟು ಸಂತೋಷ ಆಗಿತ್ತು ಗೊತ್ತಾ? ಚಿಕ್ಕಂದಿನಲ್ಲಿ ನಮ್ಮ ತಾತನ ಊರಲ್ಲಿ ಅಂಥದ್ದೇ ಇತ್ತು. ಮುದ್ದೆ ಘಮ ಬೇರೆ ಬರ್ತಿತ್ತು ನಿಮ್ಮ ಅಡುಗೆ ಮನೆಯಿಂದ. ಈ ಮನುಷ್ಯ ಇವತ್ತಾದ್ರೂ ಮುದ್ದೆ ಹಾಕ್ತಾನೆ ಅಂತ ಕಾದೆ. ಚಪಾತಿ ಹಾಕಿಬಿಟ್ರಿ."

ಚಲುವರಾಜು ಕೈಯಲ್ಲಿದ್ದ ರೊಟ್ಟಿಯನ್ನು ಕೆಳಗಿಟ್ಟ. ಒಂದು ಮಾತಿಗೆ ಒಂದು ಇಂಜಿನ್ನು ಹೋಗಿತ್ತು, ಮೂರು ವರ್ಷದ ಊಟ ಹೋಗಿತ್ತು. ಆ ಮಾತು ಹೊಗಳಿಕೆಯಾಗಿತ್ತು! ಯಾರ ಮೇಲೆ ಕೂಗಾಡುವುದು? ಇವರ ಮೇಲೆ ಕೂಗಾಡುವ ಹಾಗಿಲ್ಲ, ಸೂಪರಿಂಟೆಂಡೆಂಟು. ತನ್ನ ಮೇಲೆ ಕೂಗಾಡಿಕೊಳ್ಳುವ ಅಭ್ಯಾಸ ಅವನಿಗಿರಲಿಲ್ಲ. "ಕರೆಂಟು, ಸಾರ್" ಎಂದ. "ಆ ಇಂಜಿನ್ನು... ಕಾಲಕ್ಕೆ ತಕ್ಕಂಗೆ..." "ಹೂಂ" ಎಂದರು ಅವರು, ಇನ್ನೊಂದು ರೊಟ್ಟಿಗೆ ಕೈ ಚಾಚಿ. "ಈ ಹಿಟ್ಟು ಚೆನ್ನಾಗಿದೆ ಕಣಯ್ಯ ಪಿಳ್ಳಣ್ಣ. ಇದನ್ನೇ ಬೀಸಿ ಇಟ್ಟಿರು. ನಾನು ಬರೀ ಕೈಲಿ ಬಂದು ತಗೊಂಡು ಹೋಗ್ತೀನಿ. ಈ ಡಬ್ಬ, ಟವಲು, ಕಾಯೋದು, ಯಾರಿಗೆ ಬೇಕು?"

"ನಂಗೂ ಇಡಿ" ಎಂದಳು ಮೀನಾಕ್ಷಮ್ಮ, ಬಾಯಿ ತುಂಬ ರೊಟ್ಟಿ ಇಟ್ಟುಕೊಂಡು. "ಬೀಗರಿಗೆ ಇದನ್ನೇ ಮಾಡಿ ಹಾಕಿ, ಹೊಸ ಥರ ಅಂತೀನಿ."

ಚಲುವರಾಜು ತಟ್ಟನೆ ಎದ್ದು ನಿಂತ. ಅವನಿಗೆ ದಾರಿ ಕಂಡಿತ್ತು. ಇಷ್ಟು ದಿನ ಅವನು ಜನರನ್ನು ಕರೆಂಟಿನ ಹೊತ್ತಿಗೆ ಹೊಂದಿಸಲು ಹೆಣಗಿದ್ದ. ಜನ ಯಾಕೆ ಬರಬೇಕು? ಪಿಳ್ಳಣ್ಣನೇ ಗೋಧಿ ರಾಗಿ ತಂದಿಟ್ಟುಕೊಂಡು, ಮೂರು ದೀಪ ಯಾವ ಹೊತ್ತಿಗೆ ಹತ್ತಿದರೂ ಆ ಹೊತ್ತಿಗೆ ಬೀಸಿ ತುಂಬಿಟ್ಟರೆ? ತಮ್ಮದೇ ಕಾಳು ಬೀಸಿಸಬೇಕು ಎನ್ನುವವರು ಮುಚ್ಚಿದ ಡಬ್ಬವನ್ನು ಕೆಂಪಕ್ಕನ ಹತ್ತಿರ ಬಿಟ್ಟುಹೋಗಲಿ, ಒಳಗೇನಿದೆ ಎಂದು ಅವಳಿಗೆ ಮಾತ್ರ ಗೊತ್ತಿರಲಿ. ಹೇಳುತ್ತಾ ಹೇಳುತ್ತಾ ದನಿ ಏರಿತು, ಕೈ ಬೀಸತೊಡಗಿತು. "ಬೆರಕೆ ಹಿಟ್ಟು! ಗೋಧಿ ಅಂದ್ರೆ ಗೋಧಿ, ರಾಗಿ ಅಂದ್ರೆ ರಾಗಿ! ಅಣ್ಣ, ನಾಳೇನೇ ಒಂದು ಬೋರ್ಡು..."

"ಬೋರ್ಡ್ ಒಂದು ಬ್ಯಾಡ ಕಣಪ್ಪ" ಎಂದ ಪಿಳ್ಳಣ್ಣ ಕೈ ಮುಗಿದು.

ವಿಡಿಯೋದವನು ಸಂಜೆಯವರೆಗೂ ಕಾಯದೆ ಲೂನಾ ಮೇಲೆ ಬಂದಾಗ ಹೆಂಗಸರು ಇನ್ನೂ ಚದುರಿರಲಿಲ್ಲ. ತಂಪು ಕನ್ನಡಕ ಹಾಕಿಕೊಂಡಿದ್ದ. ಜೇಬಿನಿಂದ ಟೇಪು ತೆಗೆದು ಗೋಡೆ ಅಳೆಯಲು ಹೋದವನ ಕೈಗೆ ಕೆಂಪಕ್ಕ ರೊಟ್ಟಿ ಇಟ್ಟಳು. ಟೇಪು ಸರ್ರನೆ ತಾನೇ ಸುತ್ತಿಕೊಂಡಿತು. ಅವನು ತಿಂದು ಮುಗಿಸುವವರೆಗೂ ಪಿಳ್ಳಣ್ಣ ಕಾದಿದ್ದು, "ಬೇಜಾರ್ ಮಾಡ್ಕಬೇಡಪ್ಪ, ಜಾಗ ಖಾಲಿ ಇಲ್ಲ" ಎಂದ. ಅವನು ಬೆರಳು ಚೀಪುತ್ತಾ, "ಈ ಹಿಟ್ಟು ಮಾರ್ತೀರಾ? ನಮ್ಮ ತಾಯಿಗೆ ಸಕ್ಕರೆ ಕಾಯಿಲೆ" ಎಂದು ಕೇಳಿದ.

ಹಗಲೂಟ ಎಲ್ಲರಿಗೂ ರೊಟ್ಟಿಯಲ್ಲೇ ಮುಗಿದಿತ್ತು. ಮನೆಗೆ ಬರುವಾಗ ಡಬ್ಬವನ್ನು ಅವನೇ ಹೊತ್ತಿದ್ದ, ತಳ ಕಾಣದ ಹಾಗೆ ಎದೆಗೆ ಅವುಚಿಕೊಂಡು. ದೀಪ ಹಚ್ಚುವ ಹೊತ್ತಿಗೆ ತಟ್ಟೆ ಬಂತು, ತಟ್ಟೆಯಲ್ಲಿ ಎರಡು ಚಪಾತಿ. ನೋಡಿದ. "ಇದು ಬೇಡ" ಎಂದ. ಜಯದೇವಿ ಕಾದಳು. ಆ ಶಬ್ದ ಹೇಳಲು ಅವನಿಗೆ ಬಾಯಿ ಬರಲಿಲ್ಲ. ತಾನೇ ಮನೆಯಿಂದ ಹೊರಗೆ ಹಾಕಿದ್ದನ್ನು ಹೆಸರು ಹಿಡಿದು ವಾಪಸು ಕರೆಯುವುದು ಹೇಗೆ? "ನೀನು ದಿನಾ ಆಮೇಲೆ ಅಂತೀಯಲ್ಲ" ಎಂದ ಗೋಡೆಯ ಕಡೆ ನೋಡುತ್ತಾ, "ಅದನ್ನೇ ಹಾಕು."

ಅವಳು ಒಳಗೆ ಹೋದಳು. ಒಲೆಯ ಹಿಂದೆ ಏನೋ ಸರಿದ ಸದ್ದಾಯಿತು. ಬಿಸಿ ಮುದ್ದೆ, ಹುರುಳಿ ಸಾರು. ಹೆಬ್ಬೆರಳು ತಾನಾಗಿಯೇ ಅದರೊಳಗೆ ಇಳಿಯಿತು, ಚೂರು ತಾನಾಗಿಯೇ ಬಿಟ್ಟುಕೊಂಡಿತು, ಎಳೆದಾಡುವುದಿಲ್ಲ, ಅದುಮುವುದಿಲ್ಲ. ಉಂಡೆ ಮಾಡಿ ಸಾರಿನಲ್ಲಿ ಹೊರಳಿಸಿ ಬಾಯಿಗಿಟ್ಟ. ಜಯದೇವಿ ಅವನ ದವಡೆಯನ್ನೇ ನೋಡಿದಳು. "ಅಯ್ಯೋ, ಅಗೀತಾ ಇದೀರಲ್ರೀ!" ಎಂದು ಸೆರಗು ಬಾಯಿಗೆ ಒತ್ತಿಕೊಂಡಳು. ಹೌದು, ಅಗಿಯುತ್ತಿದ್ದ. ಮುದ್ದೆಯನ್ನು ನುಂಗಬೇಕು, ಅದು ಹಾಲು ಹಲ್ಲಿನ ಮಕ್ಕಳಿಗೂ ಗೊತ್ತು. ಮೂರು ವರ್ಷ ಟೈರು ಅಗಿದ ಹಲ್ಲು ಸಿಕ್ಕಿದ್ದನ್ನೆಲ್ಲ ಅಗಿಯುವ ಚಟಕ್ಕೆ ಬಿದ್ದಿತ್ತು. ಎರಡನೆಯ ತುತ್ತನ್ನು ಹಟಕ್ಕೆ ನುಂಗಲು ಹೋಗಿ ಗಂಟಲಿಗೆ ಸಿಕ್ಕಿಸಿಕೊಂಡ. ಕಣ್ಣಲ್ಲಿ ನೀರು ಬಂತು. ಅವಳು ನೀರು ಕೊಟ್ಟು, ನಗು ತಡೆಯಲಾಗದೆ, ತನ್ನ ತಟ್ಟೆಯನ್ನೂ ತಂದು ಎದುರಿಗೇ ಕೂತಳು. "ನೋಡಿ, ಹಿಂಗೆ" ಎಂದು ಒಂದು ತುತ್ತು ಬಾಯಿಗೆ ಹಾಕಿ, ಕತ್ತು ಸ್ವಲ್ಪ ಎತ್ತಿ, ಇಳಿಸಿ ತೋರಿಸಿದಳು. ಎದುರು ಬೀದಿಯಲ್ಲಿ ಬೆಲ್ಟು ಚಟಚಟ ಎಂದಿತು. ಮೂರನೆಯ ದೀಪ ಹತ್ತಿರಬೇಕು. ಡಬ್ಬ ಹೊತ್ತು ಯಾರೂ ಓಡಲಿಲ್ಲ, ಮಿಲ್ಲು ತನ್ನ ಪಾಡಿಗೆ ತಾನು ಬೀಸತೊಡಗಿತು.

"ನಗ್ಬೇಡ" ಎಂದು ಗದರಿ ಚಲುವರಾಜು ಇನ್ನೊಂದು ತುತ್ತು ಮುರಿದ. ಎಡಗೈ ತೊಡೆಯ ಮೇಲೆ ಅಂಗಾತ ಬಿದ್ದು ನಿದ್ದೆ ಹೋಗಿತ್ತು.